ಹಳದಿ ಸೋಗೆ, ನೀಲಿ ಬೆಳಕು

ಅರಿಸಿನದ ಬಣ್ಣ ನಮ್ಮಲ್ಲಿ ಮಂಗಳದ ಬಣ್ಣ. ಮದುವೆಯ ಚಪ್ಪರದಿಂದ ಹೊಸ್ತಿಲ ಪೂಜೆಯವರೆಗೆ ಅದಿಲ್ಲದೆ ಯಾವ ಶುಭಕಾರ್ಯವೂ ಸಾಗದು. ಆದರೆ ತುಂಗೆ ಭದ್ರೆಯರ ನಡುವಣ ಮಲೆನಾಡಿನಲ್ಲಿ, ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ತಾಲ್ಲೂಕುಗಳ ಕಣಿವೆಗಳಲ್ಲಿ, ಈ ಬಣ್ಣವನ್ನು ಕಂಡೊಡನೆ ಎದೆಗುಂದುವ ಜನರಿದ್ದಾರೆ. ಅಡಕೆಯ ಸೋಗೆಯ ತುದಿಯಲ್ಲಿ ಬೆರಳಗಲದ ಹಳದಿ ಕಾಣಿಸಿತೆಂದರೆ ಮನೆಯ ಯಜಮಾನನ ಮಾತು ಕಡಮೆಯಾಗುತ್ತದೆ. ಅಜ್ಜ ನೆಟ್ಟು ತಂದೆ ಸಾಕಿದ ತೋಟ. ಮಗಳ ಮದುವೆ, ಮಗನ ಓದು, ಸೊಸೈಟಿಯ ಸಾಲ ಎಲ್ಲವೂ ಆ ಮರಗಳ ಕೊನೆಗಳನ್ನೇ ನಂಬಿಕೊಂಡಿರುವಂಥವು. ಹಳದಿಯು ಒಂದು ಮರದಿಂದ ಇನ್ನೊಂದಕ್ಕೆ, ಒಂದು ಸಾಲಿನಿಂದ ಇನ್ನೊಂದಕ್ಕೆ ಸಾಗುವುದನ್ನು ನೋಡುತ್ತ ಕುಳಿತಿರುವುದೆಂದರೆ ಎಂಥ ಧೈರ್ಯಶಾಲಿಗೂ ಕಷ್ಟವೇ.

ಕಷ್ಟವು ಅಷ್ಟಕ್ಕೇ ಮುಗಿಯುವುದಿಲ್ಲ. ಹಳದಿಗೆ ಕಾರಣ ಒಂದೇ ಅಲ್ಲ. ಬಸಿಗಾಲುವೆ ಹೂತು ಬೇರಿನ ಬುಡದಲ್ಲಿ ನೀರು ನಿಂತರೆ ಸೋಗೆ ಹಳದಿಯಾಗುತ್ತದೆ. ಮಣ್ಣಿನಲ್ಲಿ ಮೆಗ್ನೀಸಿಯಂ ಕಡಮೆಯಾದರೆ ಹಳದಿಯಾಗುತ್ತದೆ. ಬೇರುಹುಳು ಬೇರನ್ನು ತಿಂದರೂ ಹಳದಿಯೇ. ಮುಪ್ಪಡರಿ ಉದುರಲಿರುವ ಸೋಗೆಯೂ ಹಳದಿಯೇ. ಇವೆಲ್ಲದರ ನಡುವೆ ‘ಹಳದಿ ಎಲೆ ರೋಗ’ವೆಂಬ ನಿಜವಾದ ಶತ್ರುವೂ ಇದೆ. ಮೊದಲಿನವುಗಳಿಗೆ ಕಾಲುವೆ ಬಿಡಿಸುವುದು, ಗೊಬ್ಬರ ಹಾಕುವುದು ಮುಂತಾದ ಉಪಾಯಗಳಿವೆ. ಕೊನೆಯದಕ್ಕೆ ಇಂದಿನವರೆಗೆ ಖಚಿತವಾದ ಮದ್ದಿಲ್ಲ. ಹೀಗಿರಲು, ಎದುರಿಗಿರುವ ಹಳದಿ ಯಾವ ಜಾತಿಯದೆಂದು ಅರಿಯುವುದೇ ತೋಟಿಗನ ಮೊದಲ ಪ್ರಶ್ನೆಯಾಗುತ್ತದೆ. ಬಹುಕಾಲ ಸಸ್ಯಶಾಸ್ತ್ರದ ಪಾಠ ಹೇಳಿ ಈಗ ಊರಿನಲ್ಲೇ ನೆಲಸಿರುವ ನನ್ನನ್ನು ನೆರೆಹೊರೆಯವರು ಕೇಳುವುದೂ ಇದನ್ನೇ. ಹಿರಿಯರೊಬ್ಬರು ಒಮ್ಮೆ ತಮ್ಮ ತೋಟದ ದಂಡೆಯಲ್ಲಿ ನನ್ನನ್ನು ನಿಲ್ಲಿಸಿ, “ಮೇಷ್ಟ್ರೇ, ಪಾಠವೆಲ್ಲ ಆಮೇಲೆ ಹೇಳುವಿರಂತೆ. ಕಡಿಯಲೋ ಬೇಡವೋ, ಅಷ್ಟು ಹೇಳಿ,” ಎಂದರು.

ಅವರ ಪ್ರಶ್ನೆಗೆ ಉತ್ತರ ಹೇಳಲು ಹೊರಗಣ್ಣು ಸಾಲದು. ಮರದ ಒಳಗನ್ನು ನೋಡಬೇಕು. ಹಾಗೆ ನೋಡಲು ನೆರವಾಗುವ ಒಂದು ವಿಚಿತ್ರವಾದ ಬಣ್ಣದ ಜಾತಿಯನ್ನು, ಬೆಳಕು ಬಿದ್ದಾಗ ತಾನೇ ಬೆಳಗುವ ಬಣ್ಣವನ್ನು, ವಾಚಕರಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ರೋಗದ ಹಿನ್ನೆಲೆ

ಅಡಕೆಯ ಈ ಹಳದಿ ರೋಗವನ್ನು ಮೊತ್ತಮೊದಲು ಗುರುತಿಸಿದ್ದು 1914ರಲ್ಲಿ, ಮಧ್ಯ ಕೇರಳದಲ್ಲಿ. ಕಾಲಕ್ರಮದಲ್ಲಿ ಅದು ನಮ್ಮ ಮಲೆನಾಡಿನ ತೋಟಗಳಲ್ಲಿಯೂ ಸುಳ್ಯ, ಸಂಪಾಜೆಗಳ ಕಡೆಯಲ್ಲಿಯೂ ಬೇರೂರಿತು. ಹೊರಗಿನ ಎರಡು ಮೂರು ಸೋಗೆಗಳ ಎಲೆಗರಿಗಳ ತುದಿಯಲ್ಲಿ ಹಳದಿ ಮೊದಲಾಗಿ ಒಳಕ್ಕೆ ಇಳಿಯುತ್ತದೆ. ಗರಿಯ ನಡುವಿನ ನರದ ಬಳಿ ಹಸಿರು ಉಳಿದು, ಹಸಿರಿಗೂ ಹಳದಿಗೂ ಗೆರೆ ಎಳೆದಂತೆ ಗಡಿ ಕಾಣುತ್ತದೆ. ಅನಂತರ ತುದಿಗಳು ಒಣಗುತ್ತವೆ. ಹೊಸ ಸೋಗೆಗಳು ಗಿಡ್ಡವಾಗಿ ಬಿರುಸಾಗುತ್ತವೆ. ಮರದ ತಲೆ ಕಿರಿದಾಗುತ್ತದೆ. ಎಳೆಗಾಯಿಗಳು ಉದುರುತ್ತವೆ. ಉಳಿದ ಕಾಯಿಗಳನ್ನು ಸುಲಿದು ನೋಡಿದರೆ ಒಳಗಿನ ಅಡಕೆ ಕಪ್ಪಾಗಿ ಬೆಂಡಿನಂತಾಗಿರುತ್ತದೆ. ನೆಲದ ಕೆಳಗೆ ಎಳೆಯ ಬೇರುಗಳ ತುದಿ ಕಪ್ಪಾಗಿ ಕೊಳೆಯುತ್ತಿರುತ್ತದೆ. ಮರವು ಒಮ್ಮೆಗೇ ಸಾಯುವುದಿಲ್ಲ, ಬದುಕಿದ್ದೂ ಬರಡಾಗುತ್ತದೆ.

ಅಡಕೆಗೆ ಇನ್ನೊಬ್ಬ ಹಳೆಯ ಶತ್ರುವಿದೆ, ಕೊಳೆರೋಗ. ಅದರ ಕಥೆಯನ್ನು ಇಲ್ಲಿ ನೆನೆಯುವುದು ಉಚಿತ. 1908ರಲ್ಲಿ ಮೈಸೂರು ಸಂಸ್ಥಾನದ ಸೇವೆಗೆ ಬಂದ ಕೆನಡಾದ ವಿಜ್ಞಾನಿ ಲೆಸ್ಲಿ ಕೋಲ್ಮನ್ ಅವರು ಮಲೆನಾಡಿನ ಮಳೆಯಲ್ಲಿ ಕೊಳೆಯುವ ಕಾಯಿಗಳನ್ನು ಸೂಕ್ಷ್ಮದರ್ಶಕದ ಕೆಳಗಿಟ್ಟು ಪರೀಕ್ಷಿಸಿದರು. ಎಳೆ ಎಳೆಯಾಗಿ ಹಬ್ಬಿದ ಬೂಷ್ಟು ಅವರ ಕಣ್ಣಿಗೆ ಸ್ಪಷ್ಟವಾಗಿ ಬಿತ್ತು. 1910ರಲ್ಲಿ ಅವರ ವರದಿ ಹೊರಬಂದಿತು. ಮೈಲುತುತ್ತ, ಸುಣ್ಣಗಳ ಬೋರ್ಡೋ ದ್ರಾವಣವನ್ನು ಕೊನೆಗಳಿಗೆ ಹೊಡೆಯುವ ಪದ್ಧತಿ ಅಲ್ಲಿಂದ ಮುಂದೆ ನಮ್ಮ ತೋಟಗಳಲ್ಲಿ ನೆಲೆಗೊಂಡಿತು. ಶತ್ರು ಕಣ್ಣಿಗೆ ಬಿದ್ದನು; ಉಪಾಯವೂ ಹೊಳೆಯಿತು.

ಅದೇ ಕೋಲ್ಮನ್ ಅವರು ಶ್ರೀಗಂಧದ ‘ಸ್ಪೈಕ್’ ರೋಗವನ್ನೂ ಕೈಗೆತ್ತಿಕೊಂಡರು. 1899ರಲ್ಲಿ ಕೊಡಗಿನಲ್ಲಿ ವರದಿಯಾದ ಈ ರೋಗ ಗಂಧದ ಕಾಡುಗಳನ್ನೇ ಬರಿದು ಮಾಡುತ್ತಿತ್ತು. ರೋಗಿ ಗಿಡದ ರೆಂಬೆಯನ್ನು ಆರೋಗ್ಯದ ಗಿಡಕ್ಕೆ ಕಸಿ ಕಟ್ಟಿದರೆ ರೋಗ ಅಂಟುತ್ತದೆಂದು ಅವರು 1917ರಲ್ಲಿ ತೋರಿಸಿಕೊಟ್ಟರು. ಅಂಟುವುದಂತೂ ನಿಶ್ಚಯ, ಆದರೆ ಅಂಟಿಸುವವನು ಯಾರು? ಅಂದಿನ ಸೂಕ್ಷ್ಮದರ್ಶಕಕ್ಕೆ ಅವನು ಸಿಕ್ಕಲಿಲ್ಲ. ಅಡಕೆಯ ಹಳದಿಯಲ್ಲಿಯೂ ಆದದ್ದು ಇದೇ. ಬೂಷ್ಟೂ ಇಲ್ಲ, ಹುಳುವೂ ಇಲ್ಲ, ಮರ ಮಾತ್ರ ಬಡವಾಗುತ್ತಿದೆ. ಮಣ್ಣಿನ ದೋಷವೆಂದರು ಕೆಲವರು. ವೈರಸ್ ಎಂದರು ಮತ್ತೆ ಕೆಲವರು.

1967ರಲ್ಲಿ ಜಪಾನಿನಲ್ಲಿ ತೆರೆ ಸರಿಯಿತು. ಯೋಜಿ ದೋಯ್ ಮತ್ತು ಅವರ ಸಂಗಡಿಗರು, ನಮ್ಮ ರೇಷ್ಮೆ ಬೆಳೆಗಾರರಿಗೂ ಪರಿಚಿತವಾದ ಹಿಪ್ಪುನೇರಳೆ ಗಿಡದ ಕುಬ್ಜ ರೋಗವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಪರೀಕ್ಷಿಸುತ್ತಿದ್ದರು. ಗಿಡದ ಆಹಾರವನ್ನು ಸಾಗಿಸುವ ನಾಳಗಳಲ್ಲಿ ಅವರಿಗೆ ಸಣ್ಣ ಸಣ್ಣ ಗುಳ್ಳೆಗಳಂಥ ಜೀವಿಗಳು ಕಂಡವು. ವೈರಸ್ಸಿಗಿಂತ ದೊಡ್ಡವು, ಸಾಮಾನ್ಯ ಬ್ಯಾಕ್ಟೀರಿಯಗಳಿಗಿಂತ ಸಣ್ಣವು. ಮೈಗೆ ಕೋಶಭಿತ್ತಿಯೆಂಬ ಅಂಗಿಯೇ ಇಲ್ಲದವು. 1969ರಲ್ಲಿ ಶ್ರೀಗಂಧದ ಸ್ಪೈಕ್ ರೋಗದಲ್ಲಿಯೂ, 1970ರ ದಶಕದಲ್ಲಿ ಅಡಕೆಯ ಹಳದಿ ರೋಗದಲ್ಲಿಯೂ ಇದೇ ಕುಲದ ಜೀವಿಗಳು ಕಂಡುಬಂದವು. 1994ರಿಂದ ಇವುಗಳಿಗೆ ‘ಫೈಟೋಪ್ಲಾಸ್ಮ’ ಎಂಬ ಹೆಸರು ರೂಢಿಗೆ ಬಂದಿದೆ. ಅಡಕೆಯಲ್ಲಿ ಇವನ್ನು ಮರದಿಂದ ಮರಕ್ಕೆ ಹೊತ್ತೊಯ್ಯುವುದು ‘ಪ್ರೌಟಿಸ್ಟ ಮೊಯೆಸ್ಟ’ ಎಂಬ ಪುಟ್ಟ ಜಿಗಿಹುಳು ಎಂಬುದನ್ನು ಕಾಸರಗೋಡಿನ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 1990ರ ದಶಕದಲ್ಲಿ ತೋರಿಸಿದರು.

ಇಲ್ಲಿಗೆ ಶತ್ರುವಿನ ಹೆಸರು ತಿಳಿದಂತಾಯಿತು. ಆದರೆ ಎಲೆಕ್ಟ್ರಾನ್ ಸೂಕ್ಷ್ಮದರ್ಶಕವೆಂಬುದು ಊರೂರಿನಲ್ಲಿ ಇರುವಂಥ ಯಂತ್ರವಲ್ಲ. ಅದಕ್ಕಾಗಿ ಒಂದು ಚೂರನ್ನು ಸಿದ್ಧಪಡಿಸಲು ದಿನಗಳೇ ಬೇಕು. ಸಾಮಾನ್ಯ ಸೂಕ್ಷ್ಮದರ್ಶಕದಲ್ಲಾದರೋ ಇಷ್ಟು ಸಣ್ಣ, ನೀರಿನಷ್ಟೇ ಪಾರದರ್ಶಕವಾದ ಜೀವಿ ಕಾಣುವುದಿಲ್ಲ. ಇವೆರಡರ ನಡುವೆ ಸೇತುವೆಯಾಗಿ ಬಂದುದೇ ಬೆಳಗುವ ಬಣ್ಣ.

ಬಣ್ಣ ಕಟ್ಟುವ ವಿದ್ಯೆ

ಕಾಲೇಜಿನ ಮೊದಲ ವರ್ಷದಲ್ಲಿ ಸಸ್ಯಶಾಸ್ತ್ರ ಓದಿದವರಿಗೆ ಸಫ್ರನಿನ್ ಬಣ್ಣದ ನೆನಪು ಇದ್ದೇ ಇರುತ್ತದೆ. ಎಳೆಯ ಕಾಂಡವನ್ನು ಬೆಂಡಿನ ನಡುವೆ ಹಿಡಿದು ಕ್ಷೌರದ ಕತ್ತಿಯಿಂದ ತೆಳುವಾಗಿ ಸೀಳಿ, ಗಡಿಯಾರದ ಗಾಜಿನಲ್ಲಿ ತೇಲಿಬಿಟ್ಟು, ಬಣ್ಣ ಹನಿಸಿ, ತೊಳೆದು, ಗಾಜಿನ ಪಟ್ಟಿಯ ಮೇಲೆ ಇಟ್ಟು ನೋಡಿದರೆ, ಅಲ್ಲಿಯವರೆಗೆ ಏನೂ ಕಾಣದಿದ್ದೆಡೆ ಕೆಂಪು ಉಂಗುರಗಳ ಸಾಲು ಮೂಡುತ್ತದೆ. ಜೀವಕೋಶಗಳು ಬಹುಮಟ್ಟಿಗೆ ಬಣ್ಣವಿಲ್ಲದವು. ಬಣ್ಣವೇ ಅವಕ್ಕೆ ರೂಪ ಕೊಡುತ್ತದೆ. ಬೇರೆ ಬೇರೆ ಬಣ್ಣಗಳಿಗೆ ಬೇರೆ ಬೇರೆ ಭಾಗಗಳ ಮೇಲೆ ಒಲವು. ಯಾವುದು ಯಾವುದಕ್ಕೆ ಹತ್ತುತ್ತದೆಂಬ ಜ್ಞಾನವೇ ಈ ವಿದ್ಯೆಯ ಸಾರ. ಅಡಕೆ ಬೇಯಿಸಿದ ಚೊಗರು ಕೈಗೆ ಹತ್ತಿದರೆ ದಿನಗಟ್ಟಲೆ ಹೋಗದು, ಹಂಡೆಯ ಅಂಚಿನಿಂದ ತೊಳೆದರೆ ಹೋಗುತ್ತದೆ ಎಂಬುದನ್ನು ಬಲ್ಲ ಮಲೆನಾಡಿನ ಹುಡುಗರಿಗೆ ಈ ತತ್ತ್ವವನ್ನು ಹೆಚ್ಚು ವಿವರಿಸಬೇಕಾಗಿಲ್ಲ.

ಸಫ್ರನಿನ್ನಂಥ ಬಣ್ಣಗಳು ಬೆಳಕನ್ನು ತಡೆದು ನೆರಳಿನಂತೆ ಕಾಣುತ್ತವೆ. ಬಿಳಿಯ ಬಯಲಿನಲ್ಲಿ ಕೆಂಪು ಗುರುತು. ಗುರುತು ತೀರ ಸಣ್ಣದಾದರೆ ಸುತ್ತಲಿನ ಬಿಳುಪು ಅದನ್ನು ನುಂಗಿಬಿಡುತ್ತದೆ. ನಡುಹಗಲಲ್ಲಿ ನಕ್ಷತ್ರ ಕಾಣದಿರುವುದು ನಕ್ಷತ್ರವಿಲ್ಲವೆಂದಲ್ಲ, ಆಕಾಶ ಬೆಳಗಿರುವುದರಿಂದ. ಆಕಾಶವನ್ನು ಕತ್ತಲೆ ಮಾಡಿ ನಕ್ಷತ್ರವನ್ನು ಮಾತ್ರ ಬೆಳಗಿಸುವ ಉಪಾಯವಿದ್ದರೆ? ಅದೇ ಪ್ರತಿದೀಪ್ತಿ.

ಮಲೆನಾಡಿನ ಮನೆಗಳಲ್ಲಿ ಹೊನ್ನೆ ಮರದ ಲೋಟವನ್ನು ಹಲವರು ನೋಡಿರಬಹುದು. ಇರುಳು ಅದರಲ್ಲಿ ನೀರಿಟ್ಟು ಬೆಳಗ್ಗೆ ಕುಡಿದರೆ ಸಕ್ಕರೆ ಕಾಯಿಲೆಗೆ ಹಿತವೆಂಬ ನಂಬಿಕೆ ಇದೆ. ಆ ನೀರನ್ನು ಗಾಜಿನ ಲೋಟಕ್ಕೆ ಬಗ್ಗಿಸಿ ಬಿಸಿಲಿಗೆ ಹಿಡಿಯಿರಿ. ಬೆಳಕಿಗೆ ಅಡ್ಡವಾಗಿ ಹಿಡಿದು ನೋಡಿದರೆ ಕಂದುಹಳದಿ. ಪಕ್ಕದಿಂದ ನೋಡಿದರೆ ಮೇಲ್ಮೈಯಲ್ಲಿ ನೀಲಿ ಮಿಂಚು. ಮೆಕ್ಸಿಕೋದ ಒಂದು ಮರದ ನೀರಿನಲ್ಲಿ ಇಂಥದೇ ನೀಲಿಯನ್ನು ಕಂಡು ಸ್ಪೇನಿನ ವೈದ್ಯ ಮೊನಾರ್ಡೆಸ್ 1565ರಲ್ಲಿ ಬರೆದಿಟ್ಟಿದ್ದಾನೆ. ಇದರ ಮರ್ಮವನ್ನು 1852ರಲ್ಲಿ ಬಿಡಿಸಿ ಹೇಳಿದವನು ಕೇಂಬ್ರಿಜ್ಜಿನ ಜಾರ್ಜ್ ಸ್ಟೋಕ್ಸ್. ಕ್ವಿನೀನ್ ದ್ರಾವಣದ ಮೇಲೆ ಕಣ್ಣಿಗೆ ಕಾಣದ ಅತಿನೇರಳೆ ಕಿರಣಗಳನ್ನು ಬಿಟ್ಟಾಗ ಅದು ಕಣ್ಣಿಗೆ ಕಾಣುವ ನೀಲಿ ಬೆಳಕನ್ನು ಹೊರಸೂಸುವುದೆಂದು ಆತ ಕಂಡುಕೊಂಡ. ಒಳಹೋದ ಬೆಳಕಿಗಿಂತ ಹೊರಬಂದ ಬೆಳಕಿನ ಶಕ್ತಿ ಕಡಮೆ. ಗಿರಣಿಗೆ ಭತ್ತ ಕೊಟ್ಟರೆ ಅಕ್ಕಿಯಾಗಿ ಹಿಂದಿರುಗುತ್ತದಷ್ಟೆ. ಹೊಟ್ಟಿನ ತೂಕ ಅಲ್ಲಿಯೇ ಉಳಿಯುತ್ತದೆ. ಹಾಗೆಯೇ ಅಣುವು ಬೆಳಕಿನ ಒಂದಂಶವನ್ನು ಶಾಖವಾಗಿ ತನ್ನಲ್ಲಿ ಕಳೆದು, ಉಳಿದುದನ್ನು ಬೇರೆ ಬಣ್ಣದ ಬೆಳಕಾಗಿ ಹಿಂದಕ್ಕೆ ಕೊಡುತ್ತದೆ.

ಈ ಬಣ್ಣದ ವ್ಯತ್ಯಾಸವೇ ನಮಗೆ ಬೇಕಾದುದು. ಸೂಕ್ಷ್ಮದರ್ಶಕದಲ್ಲಿ ಅತಿನೇರಳೆ ಬೆಳಕನ್ನು ಮಾತ್ರ ಒಳಬಿಡುವ ಒಂದು ಶೋಧಕಗಾಜನ್ನೂ, ಅದನ್ನು ಕಣ್ಣಿನ ಕಡೆಗೆ ಬಾರದಂತೆ ತಡೆದು ಹೊಸ ಬೆಳಕನ್ನು ಮಾತ್ರ ಬಿಡುವ ಇನ್ನೊಂದನ್ನೂ ಇಟ್ಟರೆ, ಬಣ್ಣ ಹತ್ತದ ಕಡೆಯೆಲ್ಲ ಕತ್ತಲೆ, ಹತ್ತಿದ ಕಡೆ ಮಾತ್ರ ಬೆಳಕು. ಈ ಯಂತ್ರವು ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಜರ್ಮನಿ, ಆಸ್ಟ್ರಿಯಗಳಲ್ಲಿ ಹುಟ್ಟಿತು. ಬೆಳಕನ್ನು ಮೇಲಿನಿಂದಲೇ ವಸ್ತುವಿನ ಮೇಲೆ ಬೀಳಿಸಿ ಅದೇ ಮಸೂರದಿಂದ ನೋಡುವ ಇಂದಿನ ಅನುಕೂಲವಾದ ಏರ್ಪಾಡನ್ನು 1967ರಲ್ಲಿ ಜನಪ್ರಿಯಗೊಳಿಸಿದವರು ಹಾಲೆಂಡಿನ ಪ್ಲೂಮ್.

ಬೆಳಗುವ ಬಣ್ಣಗಳ ಬಳಗ

ಇಂಥ ಬಣ್ಣಗಳು ಹಲವು. ಸ್ವಾರಸ್ಯವೆಂದರೆ ಅವುಗಳಲ್ಲಿ ಕೆಲವು ನಮ್ಮ ಮನೆಯ ಪರಿಚಯದವೇ. ಬಿಳಿಯ ಬಟ್ಟೆಗೆ ಹೊಳಪು ಕೊಡಲು ಹಿಂದೆ ಟಿನೋಪಾಲ್ ಹಾಕುತ್ತಿದ್ದುದನ್ನು ಹಿರಿಯರು ಬಲ್ಲರು. ಅದೇ ಕುಲದ ‘ಕಾಲ್ಕೋಫ್ಲೂರ್’ ಎಂಬ ವಸ್ತು ಸಸ್ಯದ ಕೋಶಭಿತ್ತಿಯ ಸೆಲ್ಯುಲೋಸಿಗೆ ಅಂಟಿ ನೀಲಿಯಾಗಿ ಬೆಳಗುತ್ತದೆ. ಹತ್ತಿಯ ಬಟ್ಟೆಯೂ ಸೆಲ್ಯುಲೋಸೇ ಅಲ್ಲವೆ? ಅಗಸನ ಮನೆಯ ಗುಟ್ಟನ್ನೇ ಸಸ್ಯಶಾಸ್ತ್ರಜ್ಞರು ಎತ್ತಿಕೊಂಡರು. ಬೂಷ್ಟಿನ ಭಿತ್ತಿಗೂ ಅದು ಅಂಟುವುದರಿಂದ, ಎಲೆಯ ಮೇಲೆ ಬಿದ್ದ ಬೂಷ್ಟಿನ ಬೀಜಕಣ ಮೊಳೆತು ಒಳನುಗ್ಗುವುದನ್ನು ನೋಡಲು ಅದು ಬಹಳ ಸಹಾಯಕ.

ಮರದರಿಶಿನವೆಂಬ ಬಳ್ಳಿ ಪಶ್ಚಿಮ ಘಟ್ಟದ ಕಾಡುಗಳಲ್ಲಿ ಉಂಟು. ಔಷಧಿಗಾಗಿ ಕಡಿದು ಕಡಿದು ಈಗ ಅಪರೂಪವಾಗಿಹೋಗಿದೆ. ಕಾಮಾಲೆಗೆ ಹಳ್ಳಿಯ ವೈದ್ಯರು ಕೊಡುತ್ತಿದ್ದ ಆ ಬಳ್ಳಿಯ ಹಳದಿಗೆ ಕಾರಣವಾದ ಬರ್ಬೆರೀನ್ ಎಂಬುದೂ ಬೆಳಗುವ ಬಣ್ಣವೇ. ಬೇರಿನ ಒಳಪದರದಲ್ಲಿ ನೀರನ್ನು ತಡೆದು ನಿಲ್ಲಿಸುವ ಮೇಣದಂಥ ಪಟ್ಟಿಯೊಂದಿದೆ. ಅದನ್ನು ಬರ್ಬೆರೀನಿನಿಂದ ಹಳದಿಯಾಗಿ ಬೆಳಗಿಸಿ ನೋಡುವ ಸರಳ ಪದ್ಧತಿಯನ್ನು 1988ರಲ್ಲಿ ಕೆನಡಾದ ಸಸ್ಯಶಾಸ್ತ್ರಜ್ಞರು ಪ್ರಕಟಿಸಿದರು. ಇನ್ನು ಅನಿಲಿನ್ ನೀಲಿ. ಗಿಡಕ್ಕೆ ಗಾಯವಾದಾಗ ಅಥವಾ ಶತ್ರು ನುಗ್ಗಿದಾಗ ಅದು ತನ್ನ ನಾಳಗಳ ರಂಧ್ರಗಳನ್ನು ‘ಕ್ಯಾಲೋಸ್’ ಎಂಬ ವಸ್ತುವಿನಿಂದ ಮೆತ್ತಿ ಮುಚ್ಚುತ್ತದೆ. ಅನಿಲಿನ್ ನೀಲಿಯಲ್ಲಿ ನೆನೆಸಿದಾಗ ಈ ಮೆತ್ತಿಗೆ ಹಳದಿಹಸಿರಾಗಿ ಹೊಳೆಯುತ್ತದೆ. ಹಾಗೆ ಹೊಳೆಯುವುದು ಬಣ್ಣದ ಮುಖ್ಯ ವಸ್ತುವಲ್ಲ, ಅದರಲ್ಲಿ ಬೆರೆತಿರುವ ಒಂದು ಕಲಬೆರಕೆ ಎಂಬುದು ಆಮೇಲೆ ತಿಳಿದ ಸಂಗತಿ!

ನಮ್ಮ ಪ್ರಶ್ನೆಗೆ ನೇರವಾಗಿ ಸಂಬಂಧಿಸಿದ ಬಣ್ಣದ ಹೆಸರು ‘ಡಾಪಿ’. ಅದರ ಪೂರ್ಣ ರಾಸಾಯನಿಕ ನಾಮವನ್ನು ಹೇಳಿ ವಾಚಕರನ್ನು ದಣಿಸುವುದಿಲ್ಲ. 1971ರಲ್ಲಿ ಜರ್ಮನಿಯ ಒಟ್ಟೋ ಡಾನ್ ಅವರ ಪ್ರಯೋಗಾಲಯದಲ್ಲಿ, ಆಫ್ರಿಕದ ನಿದ್ರಾರೋಗವನ್ನು ತರುವಂಥ ಪರೋಪಜೀವಿಗಳಿಗೆ ಮದ್ದು ಹುಡುಕುತ್ತಿದ್ದಾಗ ಇದನ್ನು ತಯಾರಿಸಿದರು. ಮದ್ದಾಗಿ ಅದು ಹೆಸರು ಮಾಡಲಿಲ್ಲ. ಆದರೆ ಜೀವಿಗಳ ವಂಶವಾಹಕ ವಸ್ತುವಾದ ಡಿ.ಎನ್.ಎ.ಗೆ ಅದು ಗಟ್ಟಿಯಾಗಿ ಅಂಟುತ್ತದೆ, ಅಂಟಿದಾಗ ಉಜ್ವಲವಾದ ನೀಲಿ ಬೆಳಕನ್ನು ಸೂಸುತ್ತದೆ ಎಂಬುದು 1975ರ ಹೊತ್ತಿಗೆ ಗೊತ್ತಾಯಿತು. ಮರುವರ್ಷವೇ, 1976ರಲ್ಲಿ, ಜರ್ಮನಿಯ ಜೇಮ್ಯುಲರ್ ಎಂಬ ಸಸ್ಯರೋಗತಜ್ಞರು ರೋಗ ತಗುಲಿದ ಪೇರು, ಸೇಬು ಮರಗಳ ಆಹಾರನಾಳಗಳಲ್ಲಿ ಈ ಬಣ್ಣದ ನೆರವಿನಿಂದ ಶತ್ರುವನ್ನು ಕಂಡರು.

ಕತ್ತಲಿರಬೇಕಾದ ಮನೆ

ಈ ಉಪಾಯದ ಸೊಗಸು ಸಸ್ಯದ ರಚನೆಯಲ್ಲಿಯೇ ಇದೆ. ಎಲೆಯಲ್ಲಿ ತಯಾರಾದ ಸಕ್ಕರೆಯನ್ನು ಬೇರಿಗೂ ಕಾಯಿಗೂ ಒಯ್ಯುವ ನಾಳಗಳಿಗೆ ಜರಡಿನಾಳಗಳೆಂದು ಹೆಸರು. ಒಂದರ ತುದಿಗೆ ಒಂದು ಜೋಡಿಸಿದ ಉದ್ದನೆಯ ಕೋಶಗಳ ಸಾಲು ಅದು. ಕೋಶಕ್ಕೂ ಕೋಶಕ್ಕೂ ನಡುವೆ ಜರಡಿಯಂತೆ ತೂತುಗಳಿರುವ ಗೋಡೆ. ರಸ ಸರಾಗವಾಗಿ ಹರಿಯಲೆಂದು ಈ ಕೋಶಗಳು ಬಲಿಯುತ್ತಿದ್ದಂತೆ ತಮ್ಮ ಕೋಶಕೇಂದ್ರವನ್ನೇ ಕಳೆದುಕೊಳ್ಳುತ್ತವೆ. ಕೋಶಕೇಂದ್ರವಿಲ್ಲವೆಂದರೆ ಅದರೊಳಗಿನ ಡಿ.ಎನ್.ಎ.ಯೂ ಇಲ್ಲ. ಆದುದರಿಂದ ಆರೋಗ್ಯವಾದ ಗಿಡದ ತೆಳುಸೀಳನ್ನು ಡಾಪಿಯಲ್ಲಿ ನೆನೆಸಿ ನೋಡಿದರೆ ಸುತ್ತಮುತ್ತಲಿನ ಕೋಶಗಳಲ್ಲಿ ದುಂಡನೆಯ ನೀಲಿ ದೀಪಗಳು ಉರಿಯುತ್ತಿದ್ದರೂ ಜರಡಿನಾಳ ಮಾತ್ರ ಕತ್ತಲೆಯಾಗಿರಬೇಕು.

ಫೈಟೋಪ್ಲಾಸ್ಮ ಬಂದು ನೆಲಸುವುದು ಈ ಕತ್ತಲ ಮನೆಯಲ್ಲೇ. ಒಂದು ಮಿಲಿಮೀಟರನ್ನು ಸಾವಿರ ಭಾಗ ಮಾಡಿದರೆ ಒಂದು ಭಾಗಕ್ಕೂ ಕಡಮೆ ಗಾತ್ರದ ಜೀವಿ ಅದು. ಆದರೆ ಅದಕ್ಕೂ ತನ್ನದೇ ಡಿ.ಎನ್.ಎ. ಇದೆ. ಡಾಪಿಗೆ ಡಿ.ಎನ್.ಎ.ಯಲ್ಲಿಯೂ ಅಡೆನೀನ್, ಥೈಮೀನ್ ಎಂಬ ಘಟಕಗಳು ಜೊತೆಗೂಡಿರುವ ಭಾಗದ ಮೇಲೆ ಹೆಚ್ಚಿನ ಒಲವು, ಫೈಟೋಪ್ಲಾಸ್ಮದ ಡಿ.ಎನ್.ಎ.ಯಲ್ಲಿ ಅವೇ ಹೆಚ್ಚು. ಹೀಗಾಗಿ, ಯಾರೂ ಇರಬಾರದ ಮನೆಯಲ್ಲಿ ಇರುಳು ದೀಪ ಕಂಡರೆ ಕಳ್ಳ ಹೊಕ್ಕಿದ್ದಾನೆಂದು ತಿಳಿಯುವಂತೆ, ಜರಡಿನಾಳದಲ್ಲಿ ನೀಲಿ ಚುಕ್ಕೆಗಳು ಕಂಡರೆ ರೋಗಾಣು ಹೊಕ್ಕಿದೆಯೆಂದು ಊಹಿಸಬಹುದು.

ನೆರೆಯ ಹಿರಿಯರ ಪ್ರಶ್ನೆಗೆ ಉತ್ತರ ಹುಡುಕಲು ನಾನು ಹೊರಟದ್ದು ಈ ದಾರಿಯಲ್ಲೇ. ನನ್ನ ಬಳಿ ಓದಿ ಈಗ ಒಂದು ಪ್ರಯೋಗಾಲಯದಲ್ಲಿ ದುಡಿಯುತ್ತಿರುವ ಶಿಷ್ಯೆಯೊಬ್ಬಳು ಸಹಾಯಕ್ಕೆ ಒಪ್ಪಿದಳು. ಮೂರು ಮರಗಳನ್ನು ಆರಿಸಿದೆವು. ಮೊದಲನೆಯದು ರೋಗದ ಸುಳಿವಿಲ್ಲದ ದೂರದ ತೋಟದ ಹಸಿರು ಮರ. ಎರಡನೆಯದು ಹಿರಿಯರ ತೋಟದ ತಗ್ಗಿನಲ್ಲಿ, ನೀರು ನಿಲ್ಲುವ ಜಾಗದಲ್ಲಿ ಹಳದಿಗಟ್ಟಿದ್ದ ಮರ. ಮೂರನೆಯದು ಅದೇ ತೋಟದ ದಿಬ್ಬದ ಮರ. ಅದರಲ್ಲಿ ಹಸಿರುಹಳದಿಗಳ ಗಡಿ ಗೆರೆ ಎಳೆದಂತಿತ್ತು. ಅಡಕೆಗೆ ಇರುವುದು ಒಂದೇ ಸುಳಿ. ಅದನ್ನು ಮುಟ್ಟಿದರೆ ಮರವೇ ಹೋಗುತ್ತದೆ. ಆದುದರಿಂದ ಕೊನೆಗಾರನು ಮರವೇರಿ, ಹಾಳೆಯೊಳಗೆ ಇನ್ನೂ ಬಿರಿಯದ ಎಳೆ ಸಿಂಗಾರವನ್ನು ಇಳಿಸಿದನು. ಬುಡದಲ್ಲಿ ಮಣ್ಣು ಕೆದಕಿ ಎಳೆಯ ಬೇರುಗಳನ್ನೂ ತೆಗೆದೆವು. ಚೂರುಗಳನ್ನು ಅಲ್ಲಿಯೇ, ಕೊಳೆಯದಂತೆ ಕಾಪಾಡುವ ದ್ರಾವಣದ ಸೀಸೆಗಳಿಗೆ ಹಾಕಿ ಸಂಖ್ಯೆ ಬರೆದೆವು.

ಪ್ರಯೋಗಾಲಯದಲ್ಲಿ ಅವನ್ನು ತೊಳೆದು, ಹೆಪ್ಪುಗಟ್ಟಿಸಿ, ಮಿಲಿಮೀಟರಿನ ಐವತ್ತನೆಯ ಒಂದು ಭಾಗದಷ್ಟು ತೆಳುವಾಗಿ ಉದ್ದುದ್ದಕ್ಕೆ ಸೀಳಿದಳು. ಡಾಪಿಯ ಪ್ರಮಾಣ ಕೇಳಿದರೆ ಆಶ್ಚರ್ಯವಾಗುತ್ತದೆ. ನೀರು ಹತ್ತು ಲಕ್ಷ ಪಾಲು, ಬಣ್ಣ ಒಂದು ಪಾಲು. 1 ಗ್ರಾಂ ಬಣ್ಣ 1,000 ಲೀಟರಿಗೆ ಸಾಕು. ಅರ್ಧ ಗಂಟೆ ಕತ್ತಲಲ್ಲಿ ನೆನೆಸಿ, ತೊಳೆದು, ಗಾಜಿನ ಪಟ್ಟಿಯ ಮೇಲೆ ಇಟ್ಟು, ಕೋಣೆಯ ದೀಪ ಆರಿಸಿದಳು.

ಮೊದಲ ಮರದ ಸೀಳಿನಲ್ಲಿ ನೀರ್ನಾಳಗಳ ಗೋಡೆಗಳು ಬಣ್ಣದ ಹಂಗಿಲ್ಲದೆ ತಾವೇ ಮಂಕು ನೀಲಿಯಾಗಿ ಹೊಳೆಯುತ್ತಿದ್ದವು. ಮರದ ಗಡಸು ಭಾಗಕ್ಕೆ ಆ ಗುಣ ಸಹಜವಾದದ್ದು. ಜರಡಿನಾಳದ ಪಕ್ಕದ ಸಂಗಾತಿ ಕೋಶಗಳಲ್ಲಿ ಕೋಶಕೇಂದ್ರಗಳು ಸ್ಫುಟವಾಗಿ ಕಂಡವು. ಜರಡಿನಾಳ ಕತ್ತಲೆ. ಎರಡನೆಯ ಮರದ ಸೀಳುಗಳಲ್ಲಿಯೂ ಕತ್ತಲೆಯೇ. ಮೂರನೆಯದರ ಮೊದಲ ಕೆಲವು ಸೀಳುಗಳಲ್ಲಿ ಏನೂ ಕಾಣಲಿಲ್ಲ. ಶಿಷ್ಯೆ ಗಾಜಿನ ಪಟ್ಟಿಗಳನ್ನು ಬದಲಿಸುತ್ತಲೇ ಇದ್ದಳು. ಬಹಳ ಹೊತ್ತಿನ ಮೇಲೆ, “ಸಾರ್, ಇಲ್ಲಿ ನೋಡಿ,” ಎಂದು ಎದ್ದು ಜಾಗ ಬಿಟ್ಟಳು. ಕತ್ತಲ ನಾಳದ ಒಂದು ತುದಿಯಲ್ಲಿ, ಜರಡಿಗೋಡೆಗೆ ಒತ್ತಿಕೊಂಡಂತೆ, ಸಣ್ಣ ನೀಲಿ ಚುಕ್ಕೆಗಳ ಗುಂಪು. ಕೋಶಕೇಂದ್ರದ ದುಂಡುತನವಿಲ್ಲ, ಅಂಚಿಲ್ಲ. ಅದೇ ಮರದ ಇನ್ನೊಂದು ಸೀಳನ್ನು ಅನಿಲಿನ್ ನೀಲಿಯಲ್ಲಿ ನೆನೆಸಿ ನೋಡಿದಾಗ ಜರಡಿಗೋಡೆಗಳ ಮೇಲೆ ಹಳದಿಹಸಿರಿನ ಮೆತ್ತಿಗೆ ದಪ್ಪನಾಗಿ ಕೂತಿತ್ತು. ಒಳಹೊಕ್ಕವನನ್ನು ತಡೆಯಲೆಂದು ಮರ ತನ್ನ ಬಾಗಿಲನ್ನು ತಾನೇ ಮುಚ್ಚಿಕೊಂಡಿತ್ತು. ಬಾಗಿಲು ಮುಚ್ಚಿದರೆ ಬೇರಿಗೆ ಸಕ್ಕರೆ ಹೋಗುವುದು ಹೇಗೆ? ಮರದ ಆತ್ಮರಕ್ಷಣೆಯೇ ಅದರ ಉಪವಾಸಕ್ಕೂ ಕಾರಣವಾಗುವ ಈ ದೃಶ್ಯವನ್ನು ಪುಸ್ತಕದಲ್ಲಿ ಓದುವುದು ಬೇರೆ, ಪರಿಚಯದ ತೋಟದ ಮರದಲ್ಲಿ ನೋಡುವುದು ಬೇರೆ.

ಬಣ್ಣದ ಮಿತಿ

ಇಷ್ಟನ್ನು ಓದಿ ಡಾಪಿಯೊಂದಿದ್ದರೆ ಎಲ್ಲವೂ ತಿಳಿದಂತೆಯೇ ಎಂದು ಯಾರೂ ಭಾವಿಸಬಾರದು. ಈ ಬಣ್ಣಕ್ಕೆ ಡಿ.ಎನ್.ಎ. ಗೊತ್ತೇ ಹೊರತು ಅದು ಯಾರ ಡಿ.ಎನ್.ಎ. ಎಂಬುದು ಗೊತ್ತಿಲ್ಲ. ಬೇರೆ ಬ್ಯಾಕ್ಟೀರಿಯ ಹೊಕ್ಕಿದ್ದರೂ ಬೆಳಗೀತು. ಇನ್ನೂ ಬಲಿಯದ ನಾಳದ ಕೋಶಕೇಂದ್ರವೂ ಬೆಳಗೀತು. ಎರಡನೆಯದಾಗಿ, ತಾಳೆಯ ಜಾತಿಯ ಮರಗಳಲ್ಲಿ ಈ ಜೀವಿಗಳ ಸಂಖ್ಯೆ ಕಡಮೆ, ಹಂಚಿಕೆಯೂ ಸಮನಲ್ಲ. ಒಂದು ಸೀಳಿನಲ್ಲಿ ಕಾಣಲಿಲ್ಲವೆಂಬ ಮಾತ್ರಕ್ಕೆ ಮರದಲ್ಲಿಯೇ ಇಲ್ಲವೆಂದು ಹೇಳುವಂತಿಲ್ಲ. ಈ ಕಾರಣಗಳಿಂದ ಇಂದು ಸಂಶೋಧಕರು ರೋಗಾಣುವಿನ ಡಿ.ಎನ್.ಎ.ಯ ನಿರ್ದಿಷ್ಟ ಭಾಗವನ್ನೇ ಲಕ್ಷಾಂತರ ಪಟ್ಟು ಹೆಚ್ಚಿಸಿ ಗುರುತಿಸುವ ಪಿ.ಸಿ.ಆರ್. ಪರೀಕ್ಷೆಯನ್ನು ನೆಚ್ಚುತ್ತಾರೆ. ಅದಕ್ಕೆ ಹೋಲಿಸಿದರೆ ಬಣ್ಣದ ಪರೀಕ್ಷೆ ಅಗ್ಗ, ಶೀಘ್ರ. ಆದರೆ ಅಂತಿಮ ತೀರ್ಪಲ್ಲ. ಪಿ.ಸಿ.ಆರ್. ಪರೀಕ್ಷೆಯು ರೋಗಾಣು ಇದೆಯೆಂದು ಹೇಳುತ್ತದೆ. ಅದು ಎಲ್ಲಿದೆ, ಅಲ್ಲಿ ಏನು ಮಾಡುತ್ತಿದೆ ಎಂಬುದನ್ನು ಕಣ್ಣಿಗೆ ತೋರಿಸುವುದು ಬಣ್ಣವೇ. ಎರಡಕ್ಕೂ ಅವುಗಳ ಸ್ಥಾನವುಂಟು.

ನಾವೂ ಎರಡನೆಯ ಮರದಿಂದ ಮತ್ತೆರಡು ಬಾರಿ ಚೂರು ತರಿಸಿ ನೋಡಿದೆವು, ಕತ್ತಲೆಯೇ ಕಂಡಿತು. ಹಿರಿಯರು ತಗ್ಗಿನ ಬಸಿಗಾಲುವೆಯನ್ನು ಆಳವಾಗಿ ಬಿಡಿಸಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಅಲ್ಲಿಯ ಮರಗಳ ಹೊಸ ಸೋಗೆ ಹಸಿರಾಗಿ ಬಂತು. ದಿಬ್ಬದ ಮರಗಳ ವಿಷಯದಲ್ಲಿ ನಾನು ಅವರಿಗೆ ಹೇಳಬೇಕಾದುದು ಹಿತವಾದ ಮಾತಾಗಿರಲಿಲ್ಲ. ಟೆಟ್ರಸೈಕ್ಲಿನ್ ಮದ್ದಿಗೆ ಈ ರೋಗಾಣು ಕೆಲಕಾಲ ತಗ್ಗುವುದೆಂದು 1967ರಲ್ಲಿಯೇ ಜಪಾನೀಯರು ಹಿಪ್ಪುನೇರಳೆಯಲ್ಲಿ ತೋರಿಸಿದ್ದರು. ಆದರೆ ಬಾಯಿಗೆ ಹಾಕುವ ಅಡಕೆಯ ಸಾವಿರಾರು ಮರಗಳಿಗೆ ಅದನ್ನು ಮೇಲಿಂದ ಮೇಲೆ ಚುಚ್ಚುವುದು ಸಾಧುವೂ ಅಲ್ಲ, ಸಾಧ್ಯವೂ ಅಲ್ಲ. ಒಳ್ಳೆಯ ಗೊಬ್ಬರ, ಬಸಿಯುವ ನೆಲ, ಸುಣ್ಣ ಇವುಗಳಿಂದ ಮರದ ಬಲ ಕಾಯ್ದುಕೊಳ್ಳಬಹುದು, ರೋಗ ಹೋಗುವುದಿಲ್ಲ. ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ ದಿಬ್ಬದಲ್ಲಿ ತೀರ ಬರಡಾದ ಮರಗಳನ್ನು ಕಡಿಸಿ ಆ ಜಾಗದಲ್ಲಿ ಕಾಫಿ ಹಾಕಿಸಿದರು.

ನಾವು ಮಾಡಬಹುದಾದುದು

ಕಾಫಿ ಎಂದೊಡನೆ ಈ ಸೀಮೆಗೆ ಸಂದ ಒಂದು ಗೌರವ ನೆನಪಾಗುತ್ತದೆ. ಕಾಫಿಯ ಎಲೆರೋಗಗಳಿಗೆ ಪರಿಹಾರ ಹುಡುಕಲು ಮೈಸೂರು ಸರ್ಕಾರ 1915ರಲ್ಲಿ ತಾತ್ಕಾಲಿಕ ಸಂಶೋಧನಾ ಘಟಕವನ್ನು ತೆರೆದದ್ದು ಕೊಪ್ಪದಲ್ಲಿ. 1925ರಲ್ಲಿ ಅದು ಬಾಳೆಹೊನ್ನೂರಿನಲ್ಲಿ ಶಾಶ್ವತ ಕೇಂದ್ರವಾಯಿತು. ಅಲ್ಲಿ ಮೇನ್ ಎಂಬ ವಿಜ್ಞಾನಿ 1930ರ ದಶಕದಲ್ಲಿ, ಕಾಫಿಯ ತುಕ್ಕುರೋಗದ ಬೂಷ್ಟಿನಲ್ಲಿ ಒಂದಲ್ಲ, ಹಲವು ಪಂಗಡಗಳಿವೆಯೆಂದು ಜಗತ್ತಿಗೆ ಮೊದಲು ತೋರಿಸಿದರು. ರೋಗ ತಡೆಯುವ ತಳಿಗಳ ಹುಡುಕಾಟಕ್ಕೆ ಅದರಿಂದ ದಾರಿಯಾಯಿತು. ದೊಡ್ಡ ನಗರಗಳಲ್ಲಿಯೇ ವಿಜ್ಞಾನ ಬೆಳೆಯಬೇಕೆಂಬ ನಿಯಮವಿಲ್ಲ. ರೋಗವಿರುವಲ್ಲಿ ಕಣ್ಣೂ ಇದ್ದರೆ ಕೆಲಸ ಬೇಗ ಸಾಗುತ್ತದೆ.

ಪ್ರತಿದೀಪ್ತಿ ಸೂಕ್ಷ್ಮದರ್ಶಕಗಳಿಗೆ ಹಿಂದೆ ಪಾದರಸದ ದುಬಾರಿ ದೀಪ ಬೇಕಿತ್ತು, ಈಗ ಎಲ್.ಇ.ಡಿ. ದೀಪಗಳು ಬಂದು ಯಂತ್ರದ ಆಡಂಬರ ಕಡಮೆಯಾಗಿದೆ. ನಮ್ಮ ಮೂರು ತಾಲ್ಲೂಕುಗಳ ಕಾಲೇಜುಗಳ ನಡುವೆ ಇಂಥ ಒಂದು ಯಂತ್ರವಿದ್ದರೂ ವಿದ್ಯಾರ್ಥಿಗಳು ತಮ್ಮ ಮನೆಯ ತೋಟಗಳ ಸೀಳುಗಳನ್ನು ತಾವೇ ನೋಡಬಹುದು. ಅಲ್ಲಿಯವರೆಗೆ ಅಧ್ಯಾಪಕರು ತರಗತಿಯಲ್ಲಿಯೇ ಪ್ರತಿದೀಪ್ತಿಯ ರುಚಿ ಹತ್ತಿಸಬಹುದು. ಹರಿವೆ ಸೊಪ್ಪನ್ನು ಸ್ಪಿರಿಟ್ಟಿನಲ್ಲಿ ಅರೆದು ಸೋಸಿ, ಆ ಹಸಿರು ರಸವನ್ನು ಕತ್ತಲ ಕೋಣೆಯಲ್ಲಿ ನೋಟು ಪರೀಕ್ಷಿಸುವ ಅತಿನೇರಳೆ ದೀಪದ ಮುಂದಿಟ್ಟರೆ ಅದು ನೆತ್ತರಿನಂತೆ ಕೆಂಪಾಗಿ ಕಾಣುತ್ತದೆ. ಅರಿಸಿನ ಬೆರೆಸಿದ ಸ್ಪಿರಿಟ್ಟು ಹಸಿರುಹಳದಿಯಾಗಿ ಹೊತ್ತಿಕೊಂಡಂತೆ ಬೆಳಗುತ್ತದೆ. ಸ್ಪಿರಿಟ್ಟಿನ ಬಳಿ ಬೆಂಕಿ ಬೇಡ, ದೀಪವನ್ನು ನೇರವಾಗಿ ದಿಟ್ಟಿಸಬಾರದು ಎಂಬ ಎಚ್ಚರಿಕೆಯಷ್ಟು ಸಾಕು.

ಇನ್ನೊಂದು ಮಾತು ಹೇಳಿ ಮುಗಿಸುತ್ತೇನೆ. ರೋಗಪೀಡಿತ ತೋಟಗಳಲ್ಲಿ ಸುತ್ತಾಡುವವರು ಗಮನಿಸಿರಬಹುದು: ಸುತ್ತಲಿನ ಮರಗಳೆಲ್ಲ ಹಳದಿಯಾಗಿ ಬರಡಾದರೂ ನಡುವೆ ಅಲ್ಲೊಂದು ಇಲ್ಲೊಂದು ಮರ ವರ್ಷಾನುಗಟ್ಟಲೆ ಹಸಿರಾಗಿ ನಿಂತು ಕೊನೆ ಬಿಡುತ್ತಿರುತ್ತದೆ. ಅದರೊಳಗೆ ರೋಗಾಣು ಇನ್ನೂ ಹೊಕ್ಕಿಲ್ಲವೆ, ಅಥವಾ ಹೊಕ್ಕರೂ ಗೆಲ್ಲಲಾರದೆ ಸೋತಿದೆಯೆ? ಹೊರಗಿನ ಹಸಿರು ಇದಕ್ಕೆ ಉತ್ತರ ಹೇಳದು. ಕಾಸರಗೋಡು, ವಿಟ್ಲಗಳ ಸಂಶೋಧಕರು ಇಂಥ ಮರಗಳನ್ನು ಹುಡುಕಿ, ಮೇಲಿಂದ ಮೇಲೆ ಪರೀಕ್ಷಿಸಿ, ಅವುಗಳ ನಡುವೆ ಸಂಕರ ಮಾಡಿಯೂ ಎಳೆ ಸಿಂಗಾರದಿಂದ ಅಂಗಾಂಶ ಕೃಷಿಯ ಸಸಿ ಬೆಳೆಸಿಯೂ ತಾಳಿಕೆಯ ತಳಿಯನ್ನು ಪಡೆಯಲು ಯತ್ನಿಸುತ್ತಿದ್ದಾರೆ. ತೋಟಿಗರು ಅಂಥ ಮರಗಳನ್ನು ಗುರುತು ಮಾಡಿ ತಿಳಿಸಿದರೆ ಅದು ದೊಡ್ಡ ಉಪಕಾರ. ಸಾಯುವ ಮರಕ್ಕೆ ತೀರ್ಪು ಬರೆಯುವುದಕ್ಕಿಂತ, ನಾಳೆಯ ಬೀಜದಡಕೆಗೆ ತಾಯಿಮರವನ್ನು ಆರಿಸುವುದೇ ಈ ಪರೀಕ್ಷೆಗಳ ಹೆಚ್ಚಿನ ಪ್ರಯೋಜನ. ನಮ್ಮ ಹಿರಿಯರ ದಿಬ್ಬದಲ್ಲಿಯೂ ಅಂಥ ಒಂದು ಹಸಿರು ಮರವಿದೆ. ಕಡಿಯುವ ದಿನ ಅದಕ್ಕೆ ಕೊಡಲಿ ತಾಗದಂತೆ ಅವರು ಸೋಗೆಯ ಕುಣಿಕೆ ಕಟ್ಟಿ ಗುರುತು ಮಾಡಿದ್ದರು. ಈ ಬೇಸಗೆಯಲ್ಲಿ ಅದರ ಎಳೆ ಸಿಂಗಾರವನ್ನು ಇಳಿಸಬೇಕೆಂದು ಕೊನೆಗಾರನಿಗೆ ಹೇಳಿಟ್ಟಿದ್ದೇವೆ.